ನಿಂತ ರೈಲಿಗೆ ಸಿಟ್ಟು, ಓಡುವ ರೈಲಿಗೆ ಮೌನವೇ?



ಮುಂಬೈಯಲ್ಲಿ ಲೋಕಲ್ ರೈಲು ಅರ್ಧ ಗಂಟೆ ಕೆಟ್ಟು ನಿಂತರೆ ಪೇಪರುಗಳು ಬೊಬ್ಬೆ ಹಾಕುತ್ತವೆ. ಟೀವಿಯವರು ಕ್ಯಾಮರಾ ಹೊತ್ತು ಓಡುತ್ತಾರೆ. ಮಂತ್ರಿಗಳು ವಿಷಾದಿಸುತ್ತಾರೆ. ಅದೇ ರೈಲು ವೇಳೆಗೆ ಸರಿಯಾಗಿ ಓಡಿ, ಬಾಗಿಲಲ್ಲಿ ಜೋತುಬಿದ್ದವನನ್ನು ಕೆಳಗೆ ಚೆಲ್ಲಿ, ಹಳಿ ದಾಟುತ್ತಿದ್ದವಳನ್ನು ಅರೆದು, ಮುಂದಿನ ಸ್ಟೇಷನ್ನಿಗೆ ಟೈಮಿಗೆ ಮುಟ್ಟಿದರೆ ಅದು ಸುದ್ದಿಯಲ್ಲ. ಆ ಊರಿನ ದಿನಚರಿ. 2023ರಲ್ಲೂ 2024ರಲ್ಲೂ ಮುಂಬೈಯ ಲೋಕಲ್ ಹಳಿಗಳ ಮೇಲೆ ಸತ್ತವರು ವರ್ಷಕ್ಕೆ ಎರಡೂವರೆ ಸಾವಿರದ ಆಸುಪಾಸು. ಲೆಕ್ಕ ಹಾಕಿ ನೋಡ್ರಿ: ದಿನಕ್ಕೆ ಆರೇಳು ಹೆಣ.

ನಾವು ಕೇಳುವುದು ಇಷ್ಟೇ. ನಿಂತ ರೈಲಿನ ಮೇಲೆ ಬರುವ ಸಿಟ್ಟು ಓಡುವ ರೈಲಿನ ಮೇಲೆ ಯಾಕೆ ಬರುವುದಿಲ್ಲ?

'ಮುಂಬೈ ಎಲ್ಲೋ ಇದೆ, ನಿಮಗ್ಯಾಕ್ರಪ್ಪಾ ಆ ಊರಿನ ಉಸಾಬರಿ' ಎನ್ನುವವರು ಇದ್ದಾರೆ. ಅವರಿಗೆ ಮೊದಲು ಉತ್ತರ ಹೇಳಿಬಿಡೋಣ. ಮುಂಬೈಯಿಂದ ಹೊರಟ ಹಳಿ 1871ರಲ್ಲಿ ರಾಯಚೂರಿಗೆ ಬಂದು ಮದರಾಸಿನ ಹಳಿಯನ್ನು ಕೂಡಿತು. ಆ ಹಳಿ ಹಿಡಿದು ಹೋದವರು ಯಾರು? ಬರ ಬಿದ್ದಾಗ, ಕೂಲಿ ಸಿಗದಾಗ, ಗೌಡನ ಸಾಲ ತೀರದಾಗ, ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ ಸೀಮೆಯ ಕೇರಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಹೋದವರು ನಮ್ಮವರು. ಇವತ್ತಿಗೂ ಅಲ್ಲಿ ಕಟ್ಟಡದ ಗಾರೆ ಹೊರುವ, ಗಟಾರು ಬಳಿಯುವ, ಬೀದಿ ಗುಡಿಸುವ ಕೈಗಳಲ್ಲಿ ನಮ್ಮ ಕೈಗಳಿವೆ. ಹೀಗಾಗಿ ಮುಂಬೈಯ ರೈಲಿನ ಮಾತು ನಮ್ಮ ಕೇರಿಯ ಮಾತೇ.

ರೈಲು ಯಾಕೆ ಕೆಡುತ್ತದೆ? ಮೇಲಿನ ತಂತಿಯಿಂದ ಕರೆಂಟು ಎಳೆದುಕೊಳ್ಳುವ ಪ್ಯಾಂಟೋಗ್ರಾಫ್ ಮುರಿಯುತ್ತದೆ, ತಂತಿ ಹರಿಯುತ್ತದೆ. ಸಿಗ್ನಲ್ ಕೆಡುತ್ತದೆ. ಚಳಿಗಾಲದ ಬೆಳಗಿನ ಜಾವ ಉಕ್ಕು ಸೆಳೆದುಕೊಂಡು ಹಳಿ ಬಿರಿಯುತ್ತದೆ. ಮಳೆಗಾಲದಲ್ಲಿ ಕುರ್ಲಾ, ಸಾಯನ್, ಮಸೀದಿ ಬಂದರದಲ್ಲಿ ಹಳಿ ನೀರಲ್ಲಿ ಮುಳುಗುತ್ತದೆ. ಇವೆಲ್ಲ ಯಂತ್ರದ ಮಾತು. ಯಂತ್ರ ಕೆಡುವುದು ಸಹಜ. ಆದರೆ ಒಂದು ತಂತಿ ಹರಿದರೆ ಲಕ್ಷಗಟ್ಟಲೆ ಜನರ ಬದುಕೇ ನಿಂತುಹೋಗುವಂತೆ ಒಂದು ಊರನ್ನು ಕಟ್ಟಿದ್ದಾರಲ್ಲ, ಅದು ಸಹಜವಲ್ಲ. ಅದು ಯಾರೋ ಕೂತು ಮಾಡಿದ ತೀರ್ಮಾನ.

ಕೋವಿಡ್‌ಗೆ ಮುಂಚೆ ಈ ಲೋಕಲ್‌ಗಳಲ್ಲಿ ದಿನಕ್ಕೆ ಸುಮಾರು 75 ಲಕ್ಷ ಜನ ಓಡಾಡುತ್ತಿದ್ದರು. ಜನ ನುಗ್ಗುವ ಹೊತ್ತಿನಲ್ಲಿ ಒಂದು ಚದರ ಮೀಟರು ಜಾಗದಲ್ಲಿ 14ರಿಂದ 16 ಜನ ನಿಲ್ಲುತ್ತಾರೆ. ರೈಲ್ವೆಯವರು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ: 'ಸೂಪರ್ ಡೆನ್ಸ್ ಕ್ರಶ್ ಲೋಡ್'. ಹೆಸರಿಟ್ಟ ಮೇಲೆ ಅದು ಅನ್ಯಾಯವಾಗಿ ಉಳಿಯುವುದಿಲ್ಲ, ಕಡತದ ಒಂದು ಕಾಲಂ ಆಗಿಬಿಡುತ್ತದೆ. ಇದೇ ದೇಶದಲ್ಲಿ ದನ ಸಾಗಿಸುವುದಕ್ಕೆ 1978ರಲ್ಲಿ ನಿಯಮ ಮಾಡಿದ್ದಾರೆ. ವ್ಯಾಗನ್ನಿನಲ್ಲಿ ಒಂದೊಂದು ದನಕ್ಕೆ ಸರಾಸರಿ ಎರಡು ಚದರ ಮೀಟರಿಗಿಂತ ಕಡಿಮೆ ಜಾಗ ಕೊಡಬಾರದು ಎಂದು ಬರೆದಿದ್ದಾರೆ. ಒಳ್ಳೆಯ ನಿಯಮ, ನಮ್ಮ ತಕರಾರೇನಿಲ್ಲ. ಒಂದು ದನಕ್ಕೆ ಕೊಟ್ಟ ಜಾಗದಲ್ಲಿ ಮೂವತ್ತು ಮನುಷ್ಯರು! ಗೋಮಾತೆಯ ಹೆಸರಲ್ಲಿ ನಮ್ಮ ಚರ್ಮ ಸುಲಿಯುವ ಮಹಾಶಯರು ಈ ಲೆಕ್ಕಕ್ಕೆ ಏನು ಹೇಳುತ್ತಾರೆ?

ಹೀಗೆ ತುಂಬಿ ತುಳುಕುವ ರೈಲು ಕೆಟ್ಟು ನಿಂತಾಗ ಜನ ಸಿಡಿಯುತ್ತಾರೆ. 2015ರ ಜನವರಿ 2ರಂದು ದಿವಾ ಸ್ಟೇಷನ್ನಿನಲ್ಲಿ ಸಿಡಿದರು. ಪ್ಯಾಂಟೋಗ್ರಾಫ್ ಮುರಿದು ಗಾಡಿಗಳು ನಿಂತವು. ಜನ ಹಳಿಗಿಳಿದರು, ಕಲ್ಲು ತೂರಿದರು, ಗಾಡಿಗಳಿಗೆ ಬೆಂಕಿ ಬಿತ್ತು. ಮೋಟಾರ್‌ಮನ್‌ನ ಮೇಲೂ ಕೈ ಮಾಡಿದರು. ಮರುದಿನ ಸಂಪಾದಕೀಯ ಬರೆಯುವವರಿಗೆ ಹಬ್ಬ. 'ಗೂಂಡಾಗಳು' ಎಂದರು. ದಿವಾ ಎಂದರೆ ಯಾವ ದಿವಾ? ಮಧ್ಯ ಊರಿನಲ್ಲಿ ಬಾಡಿಗೆ ಕೊಡಲಾಗದವರು ಬಂದು ಬೀಳುವ ದಿವಾ. ಅಲ್ಲಿಯವರಿಗೆ ರೈಲು ಒಂದು ಗಂಟೆ ತಡವಾದರೆ ಅರ್ಧ ದಿನದ ಕೂಲಿ ಖೋತಾ. ಎರಡು ಸಲ ತಡವಾದರೆ ಮುಕಾದಮ 'ನಾಳೆಯಿಂದ ಬರಬೇಡ' ಅಂತಾನೆ. ತಿಂಗಳ ಪಗಾರದ ಸಾಹೇಬನಿಗೆ ತಡವಾದರೆ ಬೇಸರ. ಅವರಿಗೆ ತಡವಾದರೆ ಉಪವಾಸ. ಈ ವ್ಯತ್ಯಾಸ ಗೊತ್ತಿಲ್ಲದವರು ಸಿಟ್ಟಿನ ಬಗ್ಗೆ ಉಪದೇಶ ಮಾಡಬಾರದು.

ಆ ಸಿಟ್ಟು ನ್ಯಾಯವಾದದ್ದು ಎಂದೇ ನಾವು ಹೇಳುತ್ತೇವೆ. ಆದರೆ ಅದರ ಕಲ್ಲು ಬಿದ್ದದ್ದು ಯಾರ ಮೇಲೆ ಎಂದೂ ಕೇಳುತ್ತೇವೆ. ಮೋಟಾರ್‌ಮನ್ ರೈಲು ತರಿಸಿದವನಲ್ಲ. ಟಿಕೇಟು ಕಿಟಕಿಯ ಗುಮಾಸ್ತ ಬಜೆಟ್ಟು ಬರೆದವನಲ್ಲ. ಬಿರಿದ ಹಳಿಯನ್ನು ಕೂಡಿಸಲು ಸುತ್ತಿಗೆ, ಸಬ್ಬಲ್ ಹೊತ್ತು ಓಡುವವನು ಗ್ಯಾಂಗ್‌ಮನ್. ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವಿನ ಮೂರು ನಾಲ್ಕು ನಿಮಿಷದಲ್ಲಿ ಬಗ್ಗಿ ಕೆಲಸ ಮಾಡಬೇಕು, ಪಕ್ಕದ ಹಳಿಯಲ್ಲಿ ಗಾಡಿ ಬಂದರೆ ಜಿಗಿಯಬೇಕು. ಜಿಗಿಯಲಾರದೆ ಸತ್ತವರಿದ್ದಾರೆ. ಹಳಿಯ ಮೇಲಿನ ಮಲ ಬಾಚುವವರು ಯಾರ ಮಕ್ಕಳು ಎಂದು ಹೇಳುವ ಅಗತ್ಯವಿಲ್ಲ. 2013ರ ಕಾಯ್ದೆ ಮಲ ಹೊರುವುದನ್ನು ನಿಷೇಧಿಸಿತು, ರೈಲು ಹಳಿಯ ಹೆಸರನ್ನೂ ಅದರಲ್ಲಿ ಬರೆದರು. ಕೆಳಗೇ ಒಂದು ಕಿಂಡಿ ಬಿಟ್ಟರು: ಸರಕಾರ ಹೇಳಿದ ಸಲಕರಣೆ, ಕೈಗವಸು ಕೊಟ್ಟು ಮಾಡಿಸಿದರೆ ಅವನು ಮಲ ಬಾಚುವವನು ಎಂದು ಲೆಕ್ಕವಿಲ್ಲವಂತೆ! ಕೈಗೆ ರಬ್ಬರು ಹಾಕಿದರೆ ಜಾತಿ ಹೋಯಿತೇನ್ರಿ? ಡಬ್ಬಿಗಳಿಗೆ ಜೈವಿಕ ಶೌಚಾಲಯ ಬಂದಿವೆ, ಸರಿ. ಸ್ಟೇಷನ್ನಿನ ಕಕ್ಕಸು, ಗಟಾರು ತೊಳೆಯುವ ಗುತ್ತಿಗೆಯ ಕೆಲಸದಲ್ಲಿ ಈಗಲೂ ಯಾರಿದ್ದಾರೆ ಎಂದು ಹೋಗಿ ನೋಡಿಬನ್ನಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಷ್ಟೊಂದು ಜನ ಯಾಕೆ ರೈಲಿನಲ್ಲಿದ್ದಾರೆ? ಬದ್ಲಾಪುರದಿಂದ ಮುಂಬೈಯ ದೊಡ್ಡ ಸ್ಟೇಷನ್ನಿಗೆ 68 ಕಿಲೋಮೀಟರು. ವಿರಾರದಿಂದ ಚರ್ಚ್‌ಗೇಟಿಗೆ 60. ಯಾರಿಗೆ ಖುಷಿ ಇದೆ ದಿನಾ ಇಷ್ಟು ದೂರ ಜೋತಾಡಿಕೊಂಡು ಹೋಗಿಬರುವುದಕ್ಕೆ?

ಪರೇಲು, ಲೋವರ್ ಪರೇಲು, ಎಲ್ಫಿನ್‌ಸ್ಟನ್ ರೋಡು. ಇವು ಗಿರಣಿಗಳ ಊರು. ಗಿರಣಿಯ ಭೋಂಗಾ ಕೂಗಿದರೆ ಕಾರ್ಮಿಕ ಚಾಳಿನಿಂದ ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿ ಸ್ವರ್ಗವಿತ್ತು ಎಂದು ನಾವು ಹೇಳುವುದಿಲ್ಲ. ಅದೇ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ದಾರವನ್ನು ಬಾಯಿಂದ ಹೀರಿ ಎಳೆಯಬೇಕು, ನಮ್ಮವರ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕಾರ್ಮಿಕ ಬಾಯಿಗೆ ಇಡುವುದು ಹೇಗೆ! ಕೆಂಪು ಬಾವುಟದ ಕೆಳಗೂ ಎಂಜಲಿನ ಲೆಕ್ಕ ಇತ್ತು. 1928ರ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಖಕ್ಕೇ ಇಟ್ಟರು. ರಾಜಗೃಹಕ್ಕೆ ಹೋಗುವ ಮುಂಚೆ ಅವರು ಎಷ್ಟೋ ವರ್ಷ ಬಾಳಿದ್ದೂ ಇದೇ ಪರೇಲಿನ ಬಿಐಟಿ ಚಾಳಿನಲ್ಲಿ.

1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಮುರಿಯಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಾಲೀಕರಿಗೆ ಬಟ್ಟೆಗಿಂತ ಭೂಮಿ ಲಾಭದ್ದಾಗಿತ್ತು. 1991ರ ನಿಯಮದ ಪ್ರಕಾರ ಗಿರಣಿ ಭೂಮಿಯನ್ನು ಮಾರಿ ಕಟ್ಟುವಾಗ ಮೂರರಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕನಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿದರು. ಖಾಲಿ ಬಿದ್ದ ಜಾಗಕ್ಕೆ ಮಾತ್ರ ಆ ಲೆಕ್ಕ ಅನ್ವಯ ಎಂದರು. ಗಿರಣಿಯ ಕಟ್ಟಡ ನಿಂತಿದ್ದ ಜಾಗವೆಲ್ಲ ಮಾಲೀಕನ ಪಾಲಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಮುದ್ರೆ ಒತ್ತಿತು. ಒಂದು ಪೆನ್ನಿನ ಗೀಟಿನಲ್ಲಿ ಬಡವನ ಮನೆ ಮಾಯ!

ಆ ಜಾಗದಲ್ಲಿ ಗಾಜಿನ ಆಫೀಸುಗಳು, ಮಾಲುಗಳು ಎದ್ದವು. ಕಾರ್ಮಿಕನ ಮಗ ಐವತ್ತು ಅರವತ್ತು ಕಿಲೋಮೀಟರು ಆಚೆ ಹೋಗಿ ಬಿದ್ದ. ಬೆಳಗ್ಗೆ ಎದ್ದು ಅದೇ ಪರೇಲಿಗೆ ಬಂದ: ಗಾಜು ಒರೆಸುವುದಕ್ಕೆ, ಚಹಾ ಕೊಡುವುದಕ್ಕೆ, ಬಾಗಿಲು ಕಾಯುವುದಕ್ಕೆ. ಅಪ್ಪ ನಡೆದುಹೋಗುತ್ತಿದ್ದ ಜಾಗಕ್ಕೆ ಮಗ ರೈಲಿನಲ್ಲಿ ನೇತಾಡಿಕೊಂಡು ಬಂದ. ಆಫೀಸುಗಳು ಬೆಳೆದವು, ಸ್ಟೇಷನ್ನಿನ ಬ್ರಿಜ್ಜು ಮಾತ್ರ ಹಳೆಯದೇ, ಇಕ್ಕಟ್ಟಿನದೇ ಉಳಿಯಿತು.

2017ರ ಸೆಪ್ಟೆಂಬರ್ 29, ದಸರೆಯ ಹಿಂದಿನ ದಿನ. ಮಳೆ ಬಂತು. ಎಲ್ಫಿನ್‌ಸ್ಟನ್ ರೋಡಿನ ಆ ಬ್ರಿಜ್ಜಿನ ಮೆಟ್ಟಿಲ ಮೇಲೆ ಜನ ಒತ್ತರಿಸಿದರು. 23 ಜನ ತುಳಿತಕ್ಕೆ ಸಿಕ್ಕಿ ಸತ್ತರು. ಹೊಸ ಬ್ರಿಜ್ಜಿಗೆ ಮಂಜೂರಾತಿ ಮುಂಚೆಯೇ ಆಗಿತ್ತು, ಕಾಗದದ ಮೇಲೆ. ಇದಕ್ಕೆ ಹದಿನೈದು ದಿನ ಹಿಂದೆ, ಸೆಪ್ಟೆಂಬರ್ 14ರಂದು, ಅಹಮದಾಬಾದಿನಲ್ಲಿ ಪ್ರಧಾನಿ ಮೋದಿ ಮತ್ತು ಜಪಾನಿನ ಪ್ರಧಾನಿ ಶಿಂಜೋ ಅಬೆ ಮುಂಬೈ–ಅಹಮದಾಬಾದು ಬುಲೆಟ್ ರೈಲಿಗೆ ಅಡಿಗಲ್ಲು ಹಾಕಿದ್ದರು. ಅಂದಾಜು ವೆಚ್ಚ ಒಂದು ಲಕ್ಷ ಎಂಟು ಸಾವಿರ ಕೋಟಿ. ಬುಲೆಟ್ ರೈಲಿಗೆ ಲಕ್ಷ ಕೋಟಿ ಹುಟ್ಟುತ್ತದೆ, ಒಂದು ಮೆಟ್ಟಿಲ ಬ್ರಿಜ್ಜಿಗೆ ಕೆಲವು ಕೋಟಿ ಹುಟ್ಟುವುದಿಲ್ಲ. ಮರುವರ್ಷ, 2018ರಲ್ಲಿ, ಸ್ಟೇಷನ್ನಿಗೆ ಪ್ರಭಾದೇವಿ ಎಂಬ ಹೊಸ ಹೆಸರು ಬಂತು. ದೇವಿಯ ಹೆಸರು ಇಟ್ಟರೆ ಸತ್ತವರು ಎದ್ದು ಬರುತ್ತಾರೆಯೇ?

ಇದನ್ನು 'ಅಭಿವೃದ್ಧಿ' ಎನ್ನುತ್ತಾರೆ. ನಾವು ಇದನ್ನು ಮನು ಬಳಸಿದ ಲೆಕ್ಕದ ಪುಸ್ತಕ ಎನ್ನುತ್ತೇವೆ. ಮೊದಲ ಊಟ ಮೇಲಿನವನಿಗೆ, ಉಳಿದದ್ದು ನಡುವಿನವನಿಗೆ, ಎಲೆ ತೊಳೆಯುವುದು ನಮಗೆ.

ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಮುಂಬೈಯ ಹಳಿಯ ಮೇಲೆ ಅದು ಹೇಗೆ ಓಡುತ್ತದೆ ನೋಡ್ರಿ. ಸೆಕೆಂಡ್ ಕ್ಲಾಸು, ಫಸ್ಟ್ ಕ್ಲಾಸು ಮುಂಚಿನಿಂದಲೂ ಇದ್ದವು. 2017ರ ಡಿಸೆಂಬರಿನಲ್ಲಿ ಎಸಿ ಲೋಕಲ್ ಬಂತು. ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೇಟು ಐದು ರೂಪಾಯಿ. ಎಸಿಯದು ಅದರ ಹಲವು ಪಟ್ಟು, 2022ರ ಮೇ ತಿಂಗಳಲ್ಲಿ ಅರ್ಧ ಇಳಿಸಿದ ಮೇಲೂ. ಎಸಿ ಗಾಡಿಯನ್ನು ಹೆಚ್ಚುವರಿಯಾಗಿ ಓಡಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸಾಮಾನ್ಯ ಗಾಡಿಯನ್ನು ತೆಗೆದು ಅದೇ ವೇಳೆಗೆ ಎಸಿ ಗಾಡಿ ಬಿಟ್ಟರು. ಅಂದರೆ ಕೂತವನನ್ನು ಎಬ್ಬಿಸಿ, ಕಾಸಿದ್ದವನಿಗೆ ಜಾಗ ಕೊಟ್ಟಂತೆ. 2022ರ ಆಗಸ್ಟಿನಲ್ಲಿ ಕಳವಾದ ಜನ ಎಸಿ ಗಾಡಿಯನ್ನು ತಡೆದರು, ಬದ್ಲಾಪುರದ ಜನ ಸ್ಟೇಷನ್ನಿನಲ್ಲಿ ಪ್ರತಿಭಟಿಸಿದರು. ಅಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ನ್ಯಾಯ. ವಾರದೊಳಗೆ ರೈಲ್ವೆ ಹೊಸದಾಗಿ ಬಿಟ್ಟಿದ್ದ ಹತ್ತು ಎಸಿ ಗಾಡಿಗಳನ್ನು ವಾಪಸು ತೆಗೆಯಿತು.

ಈ ಗೆಲುವನ್ನು ನಾವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ದಿವಾದಲ್ಲಿ ಕಲ್ಲು ಮೋಟಾರ್‌ಮನ್ನಿನ ದಿಕ್ಕಿಗೆ ಹೋಯಿತು. ಪೆಟ್ಟು ತಿಂದವನು ಕಾರ್ಮಿಕ. ಕಳವಾದಲ್ಲಿ, ಬದ್ಲಾಪುರದಲ್ಲಿ ಸಿಟ್ಟು ತೀರ್ಮಾನದ ದಿಕ್ಕಿಗೆ ಹೋಯಿತು, ಬಗ್ಗಿದ್ದು ರೈಲ್ವೆ.

ಇಷ್ಟೆಲ್ಲ ಹೇಳಿದರೂ ಒಬ್ಬ ಬುದ್ಧಿವಂತ ಎದ್ದು ನಿಲ್ಲುತ್ತಾನೆ: 'ಹೊರಗಿನವರು ಬಂದು ಊರು ತುಂಬಿಸಿಬಿಟ್ಟರು, ಅದಕ್ಕೇ ಹೀಗೆ.' 1960ರ ದಶಕದಲ್ಲಿ ಆ ಹೊರಗಿನವನು ದಕ್ಷಿಣದವನಾಗಿದ್ದ, ನಮ್ಮ ಕನ್ನಡದವನೂ ಅದರಲ್ಲಿ ಸೇರಿದ್ದ. 2008ರ ಅಕ್ಟೋಬರಿನಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಉತ್ತರದ ಬಡ ಹುಡುಗರನ್ನು ಅಟ್ಟಾಡಿಸಿ ಹೊಡೆದರು. ಮತ್ತೊಬ್ಬ ಬುದ್ಧಿವಂತನಿಗೆ ಡಿಸೆಂಬರ್ 6 ಬಂದರೆ ಕಣ್ಣುರಿ. ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ದಾದರು ಸ್ಟೇಷನ್ನು ತುಂಬುತ್ತದೆ, ಟಿಕೇಟಿಲ್ಲದೆ ಬರುತ್ತಾರೆ ಎಂದು ಮೂಗು ಮುರಿಯುತ್ತಾನೆ. ವರ್ಷದ 365 ದಿನವೂ ದಾದರು ತುಂಬಿ ಚೆಲ್ಲುತ್ತದಲ್ಲ ಸ್ವಾಮಿ, ಆ ದಿನ ಮಾತ್ರ ನಿಮಗೆ ವಾಸನೆ ಬರುತ್ತದೆಯೇ? ತಮ್ಮ ತಂದೆಯ ಸಮಾಧಿ ನೋಡಲು ರೊಟ್ಟಿ ಕಟ್ಟಿಕೊಂಡು ಬರುವ ಜನ ಯಾರ ಸೀಟನ್ನೂ ಕಸಿದಿಲ್ಲ. ಕಸಿದವರು ಗಿರಣಿಯ ಭೂಮಿ ಮಾರಿದವರು.

ಬಾಬಾಸಾಹೇಬರ ಬಾಲ್ಯದ ಒಂದು ಸಂಗತಿ ನಮಗೆಲ್ಲ ಗೊತ್ತು. 1901ರಲ್ಲಿ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ರೈಲು ಹತ್ತಿ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ರೈಲಿನಲ್ಲಿ ಟಿಕೇಟು ಸಾಕಾಗಿತ್ತು. ಇಳಿದ ಮೇಲೆ ಸ್ಟೇಷನ್ ಮಾಸ್ತರು ಜಾತಿ ಕೇಳಿದ, ಕೇಳಿ ಹಿಂದೆ ಸರಿದ. ಗಾಡಿಯವರು ಒಲ್ಲೆ ಎಂದರು. ಕಡೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ, ಅದೂ ಗಾಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ. ರೈಲು ಎನ್ನುವುದು ನಮಗೆ ಬರೀ ವಾಹನವಾಗಿರಲಿಲ್ಲ. ಊರಿನ ಗೌಡನ ಕಣ್ಣು ತಪ್ಪಿಸಿ ಹೋಗುವ ದಾರಿ ಅದು. ಟಿಕೇಟು ಕೊಂಡರೆ ಯಾರ ಪಕ್ಕದಲ್ಲಾದರೂ ಕೂರಬಹುದಾದ ಜಾಗ. ಆದ್ದರಿಂದಲೇ ಅದನ್ನು ಈಗ ದುಡ್ಡಿನ ಮೇಲೆ ಮತ್ತೆ ಕೇರಿ ಕೇರಿಯಾಗಿ ಒಡೆಯುವುದನ್ನು ನಾವು ಸಹಿಸಬಾರದು.

ಕಡೆಯದಾಗಿ ಕಾನೂನಿನ ಮಾತು. ಟಿಕೇಟು ಇದ್ದವನು ರೈಲಿನಿಂದ ಬಿದ್ದು ಸತ್ತರೆ 2017ರಿಂದ ಪರಿಹಾರ ಎಂಟು ಲಕ್ಷ, ಅದಕ್ಕೂ ವರ್ಷಗಟ್ಟಲೆ ಅಲೆಯಬೇಕು. ಹಳಿ ದಾಟುವಾಗ ಸತ್ತರೆ? ಅವನು 'ಅತಿಕ್ರಮಿ'. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅಪರಾಧಿ. ಗುಡಿಸಲು ಹಳಿಯ ಈಚೆ, ನೀರಿನ ನಲ್ಲಿ ಹಳಿಯ ಆಚೆ. ಬ್ರಿಜ್ಜು ಅರ್ಧ ಮೈಲಿ ದೂರ. ಬಿಂದಿಗೆ ಹೊತ್ತ ತಾಯಿ ಏನು ಮಾಡಬೇಕು? ಸತ್ತವಳೇ ಅಪರಾಧಿ ಎನ್ನುವುದು ಈ ದೇಶಕ್ಕೆ ಹೊಸತೇನಲ್ಲ. ಕೆರೆಯ ನೀರು ಮುಟ್ಟಿದವನೂ ಅತಿಕ್ರಮಿಯೇ ಆಗಿದ್ದ, 1927ರಲ್ಲಿ ಮಹಾಡಿನಲ್ಲಿ. ಸರಕಾರವೇ ನೇಮಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಹಳಿಯ ಮೇಲಿನ ಈ ಸಾವುಗಳನ್ನು ಹತ್ಯಾಕಾಂಡವೆಂದೇ ಕರೆಯಿತು. ವರದಿ ಬಂತು, ಹೆಣ ನಿಲ್ಲಲಿಲ್ಲ.

2020ರ ಜೂನಿನಲ್ಲಿ, ಕೋವಿಡ್ ಕಾಲದಲ್ಲಿ, ಲೋಕಲ್ ರೈಲು ಮತ್ತೆ ಶುರುವಾದಾಗ 'ಅಗತ್ಯ ಸೇವೆ'ಯವರಿಗೆ ಮಾತ್ರ ಹತ್ತಲು ಬಿಟ್ಟರು. ಕಸ ಗುಡಿಸುವವರು, ಆಸ್ಪತ್ರೆಯ ಕೆಲಸದವರು ಅಗತ್ಯದವರಾದರು. ರೋಗ ಬಂದಾಗ ಅಗತ್ಯದವರು, ಹಳಿಯ ಮೇಲೆ ಸತ್ತಾಗ ಅತಿಕ್ರಮಿಗಳು! 2025ರ ಜೂನ್ 9ರಂದು ಮುಂಬ್ರಾ ತಿರುವಿನಲ್ಲಿ ಎದುರುಬದುರು ಗಾಡಿಗಳ ಬಾಗಿಲಲ್ಲಿ ಜೋತವರು ಕೆಳಗೆ ಬಿದ್ದು ಕನಿಷ್ಠ ನಾಲ್ವರು ಸತ್ತರು. ಬಾಗಿಲು ತಾನೇ ಮುಚ್ಚಿಕೊಳ್ಳುವ ಡಬ್ಬಿ ತರುತ್ತೇವೆ ಎಂದು ರೈಲ್ವೆ ಘೋಷಿಸಿತು. ಬಾಗಿಲು ಮುಚ್ಚಲಿ, ಬೇಡ ಅನ್ನುವವರಲ್ಲ ನಾವು. ಆದರೆ ಬಾಗಿಲಲ್ಲಿ ನಿಂತವನು ಶೋಕಿಗೆ ನಿಂತವನಲ್ಲ, ಒಳಗೆ ಜಾಗವಿಲ್ಲದೆ ನಿಂತವನು. ಗಾಡಿ ಹೆಚ್ಚಿಸದೆ ಬಾಗಿಲು ಮುಚ್ಚಿದರೆ ಅವನು ಪ್ಲಾಟ್‌ಫಾರಮ್ಮಿನಲ್ಲೇ ಉಳಿಯುತ್ತಾನೆ, ಅವನ ಕೂಲಿ ಹೋಗುತ್ತದೆ.

ಆದ್ದರಿಂದ ನಾವು ಒತ್ತಾಯಿಸುತ್ತೇವೆ:

1. ಸಾಮಾನ್ಯ ದರದ ಗಾಡಿಗಳನ್ನು ಹೆಚ್ಚಿಸಬೇಕು. ಒಂದೇ ಒಂದು ಸಾಮಾನ್ಯ ಗಾಡಿಯನ್ನೂ ತೆಗೆದು ಎಸಿ ಗಾಡಿ ಬಿಡಕೂಡದು.

2. ಗುಡಿಸಲುಗಳಿರುವ ಕಡೆಯೆಲ್ಲ ಮೊದಲು ಬ್ರಿಜ್ಜು ಮತ್ತು ನೀರಿನ ನಲ್ಲಿ, ಆಮೇಲೆ ಬೇಲಿ.

3. ಗ್ಯಾಂಗ್‌ಮನ್‌ಗಳಿಗೆ ಗಾಡಿ ನಿಲ್ಲಿಸಿ ಕೆಲಸ ಮಾಡುವ ವೇಳೆ ಕೊಡಬೇಕು. ಸ್ಟೇಷನ್ ತೊಳೆಯುವ ಗುತ್ತಿಗೆ ಕಾರ್ಮಿಕರನ್ನು ಕಾಯಂ ಮಾಡಬೇಕು. ಆ ಕೆಲಸ ಒಂದೇ ಜಾತಿಯ ಪಾಲಿಗೆ ಬರುವುದು ನಿಲ್ಲಬೇಕು.

4. ಹಳಿ ದಾಟುವಾಗ ಸತ್ತವರ ಮನೆಯವರಿಗೂ ಪರಿಹಾರ ಸಿಗುವಂತೆ ಕಾಯ್ದೆ ತಿದ್ದಬೇಕು.

5. ದುಡಿಯುವ ಜಾಗದ ಹತ್ತಿರವೇ ದುಡಿಯುವವರಿಗೆ ಮನೆ ಕೊಡಬೇಕು. ಇದು ಆಗದೆ ಮೇಲಿನ ನಾಲ್ಕೂ ಅರ್ಧ ಮಾತು.

ಗೆಳೆಯರೇ, ರೈಲು ನಿಂತಾಗ ಹಳಿಗಿಳಿಯುವ ಬಡವರನ್ನು ಹೆದರಿಸಲು 174ನೆಯ ಕಲಮು ಇದೆ, ಎರಡು ವರ್ಷ ಜೈಲು. ಅದೇ ಬಡವರನ್ನು 68 ಕಿಲೋಮೀಟರು ಆಚೆಗೆ ಎಸೆದವನಿಗೆ ಯಾವ ಕಲಮೂ ಇಲ್ಲ. ಕಲಬುರಗಿಯ ಸ್ಟೇಷನ್ನಿನಲ್ಲಿ ಇವತ್ತು ರಾತ್ರಿಯೂ ನಮ್ಮ ಕೇರಿಯ ಹುಡುಗರು ಮುಂಬೈ ಗಾಡಿಯ ಜನರಲ್ ಡಬ್ಬಿಗೆ ಗುದ್ದಾಡಿ ಹತ್ತುತ್ತಾರೆ. ಅವರಿಗೆ ಈ ಮಾತು ಮುಟ್ಟಿಸಿ. ಸಿಟ್ಟನ್ನು ಆರಿಸಬೇಡಿ, ಆದರೆ ಅದನ್ನು ನಮ್ಮಂಥವನೇ ಆದ ಇನ್ನೊಬ್ಬ ಕೂಲಿಯವನ ಮೇಲೆ ಖರ್ಚು ಮಾಡಬೇಡಿ. ಅಕ್ಕಪಕ್ಕ ನಿಂತವರ ಹೆಸರು ಕೇಳಿ, ಸಂಘ ಕಟ್ಟಿ, ಗ್ಯಾಂಗ್‌ಮನ್‌ನನ್ನೂ ಕಸ ಗುಡಿಸುವ ಅಕ್ಕನನ್ನೂ ಅದರೊಳಗೆ ಕರೆಯಿರಿ. ರೈಲು ಕೆಟ್ಟ ದಿನ ಮಾತ್ರವಲ್ಲ, ಅದು ಸರಿಯಾಗಿ ಓಡಿದ ದಿನವೂ ಲೆಕ್ಕ ಕೇಳಿ: ಇವತ್ತು ಎಷ್ಟು ಹೆಣ?

ಜೈ ಭೀಮ್.